ಸೂಜಿ ಕಂಡರೆ ಬೆವರುವವರಿಗೆ

ಗೆಳೆಯರೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಸೂಜಿಗೆ ಹೆದರುವವನು. ಬಟ್ಟೆ ಹೊಲಿಯುವ ಸೂಜಿಗಲ್ಲ, ಡಾಕ್ಟರ ಸೂಜಿಗೆ. ಇಪ್ಪತ್ತು ವರ್ಷದ ಗಂಡುಮಗ, ಬಿ.ಕಾಂ. ಓದುವವನು, ಇಂಥದ್ದನ್ನೆಲ್ಲ ಬರೆದುಕೊಳ್ಳುವುದೇ ಎಂದು ನೀವು ನಗಬಹುದು. ನಗ್ರಿ. ಆದರೆ ನಮ್ಮ ಕನ್ನಡ ಬಳಗದ ಕೂಟದಲ್ಲಿ ಈ ಮಾತು ತೆಗೆದ ದಿನ, ಅಲ್ಲಿದ್ದ ಒಂಬತ್ತು ಮಂದಿಯಲ್ಲಿ ಮೂವರು ಆಮೇಲೆ ಒಬ್ಬೊಬ್ಬರಾಗಿ ಬಂದು ಮೆಲ್ಲಗೆ "ನಂಗೂ ಹಾಗೇ ಮಾರಾಯ" ಎಂದರು. ಅವರಲ್ಲೊಬ್ಬ ಕಬಡ್ಡಿ ಆಟಗಾರ. ಆ ಮೂವರಿಗಾಗಿ ಈ ಲೇಖನ.

ನಮ್ಮ ಇಂಡಿ ತಾಲೂಕಿನ ಕಡೆ ಇಂಜೆಕ್ಷನ್ ಕೊಡುವುದಕ್ಕೆ 'ಸೂಜಿ ಮಾಡೂದು' ಅಂತಾರೆ. ಮಕ್ಕಳು ಹಟ ಹಿಡಿದರೆ "ಸುಮ್ನ ಕೂಡ್ತಿಯೋ, ಡಾಕ್ಟರ್‌ಗೆ ಹೇಳಿ ಸೂಜಿ ಮಾಡಸ್ಲ್ಯೋ?" ಎಂಬ ಬೆದರಿಕೆ ಎಲ್ಲ ಮನೆಗಳಲ್ಲೂ ಉಂಟು. ಗುಮ್ಮನ ಜಾಗದಲ್ಲಿ ಸೂಜಿ ಬಂದು ಕೂತಿದೆ. ಗುಮ್ಮ ಸುಳ್ಳೆಂದು ಏಳೆಂಟು ವರ್ಷಕ್ಕೆ ಗೊತ್ತಾಗುತ್ತದೆ. ಸೂಜಿ ಮಾತ್ರ ನಿಜವಾಗಿಯೇ ಬರುತ್ತದೆ.

ನನಗೆ ಅದು ಸರಿಯಾಗಿ ಬಂದದ್ದು ೨೦೨೨ರ ಜನವರಿಯಲ್ಲಿ. ಹದಿನೈದರಿಂದ ಹದಿನೆಂಟು ವರ್ಷದವರಿಗೆ ಕೋವಿಡ್ ಲಸಿಕೆ ಆ ತಿಂಗಳ ೩ರಂದು ಶುರುವಾಯಿತು. ನಮ್ಮ ಪಾಲಿಗೆ ಬಂದದ್ದು ಕೋವ್ಯಾಕ್ಸಿನ್. ಊರ ಶಾಲೆಯ ಜಗುಲಿಯಲ್ಲಿ ಸಾಲು ನಿಂತಿದ್ದೆವು. ನನ್ನ ಮುಂದಿನವನ ತೋಳಿಗೆ ನರ್ಸ್ ಹತ್ತಿ ಒರೆಸಿದರು, ಸ್ಪಿರಿಟ್ಟಿನ ವಾಸನೆ ಬಂತು. ಆಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು, ಅಂಗೈ ತಣ್ಣಗೆ, ಕಣ್ಣ ಮುಂದೆ ಕಪ್ಪು. ಎಚ್ಚರವಾದಾಗ ನೆಲದ ಮೇಲಿದ್ದೆ. ನನಗಿನ್ನೂ ಸೂಜಿ ಚುಚ್ಚಿರಲೇ ಇಲ್ಲ! ಹತ್ತನೇ ಮುಗಿಯುವ ತನಕ ನನಗೆ 'ಸೂಜಿ' ಎಂದೇ ಹೆಸರು.

ಅದು ಪುಕ್ಕಲುತನವಲ್ಲ ಎಂದು ನಂತರ ತಿಳಿಯಿತು. ಹಾವು, ಎತ್ತರ, ಕತ್ತಲೆ ಕಂಡು ಹೆದರಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಕಾಲು ಓಡಲು ಸಿದ್ಧವಾಗುತ್ತದೆ. ಅಂಥ ಹೊತ್ತಿನಲ್ಲಿ ಮೂರ್ಛೆ ಹೋಗುವುದು ಅಪರೂಪ. ರಕ್ತ, ಗಾಯ, ಸೂಜಿ ಈ ಮೂರರ ಭಯದ ದಾರಿಯೇ ಬೇರೆ. ಒತ್ತಡ ಮೊದಲು ಏರುತ್ತದೆ, ಮರುಕ್ಷಣ ಕೆಲವರಲ್ಲಿ ದಡಕ್ಕನೆ ಕುಸಿಯುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರ ಹೃದಯದ ಬಡಿತವನ್ನು ನಿಧಾನ ಮಾಡಿಬಿಡುತ್ತದೆ. ಅದೇ ಹೊತ್ತಿಗೆ ಕಾಲಿನ ರಕ್ತನಾಳಗಳು ಸಡಿಲವಾಗಿ ರಕ್ತ ಕೆಳಗೇ ನಿಲ್ಲುತ್ತದೆ. ಕಾಮರ್ಸ್‌ನವನ ಮಾತಿನಲ್ಲಿ ಹೇಳುವುದಾದರೆ ಒಂದು ಪೈಸೆಯೂ ಖರ್ಚಾಗಿಲ್ಲ, ಆದರೆ ಹೆಡ್ ಆಫೀಸಿನ ನಗದೆಲ್ಲ ಕೆಳಗಿನ ಬ್ರಾಂಚಿಗೆ ವರ್ಗವಾಗಿದೆ. ಹೆಡ್ ಆಫೀಸು ಬಾಗಿಲು ಹಾಕುತ್ತದೆ. ಬಿದ್ದವನು ಮಲಗಿದ ಕೂಡಲೇ ರಕ್ತ ತಾನಾಗಿ ತಲೆಗೆ ಮರಳಿ ಎಚ್ಚರವಾಗುತ್ತದೆ. ಆದ್ದರಿಂದ ಬಿದ್ದವನನ್ನು ಎತ್ತಿ ಕೂಡಿಸಬೇಡಿ, ಬಾಯಿಗೆ ನೀರು ಹೊಯ್ಯಬೇಡಿ. ಮಲಗಿಸಿಯೇ ಬಿಟ್ಟು ಕಾಲನ್ನು ತುಸು ಎತ್ತಿ ಹಿಡಿಯಿರಿ. ಇದು ಎಷ್ಟೋ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುವಂಥದ್ದು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಬಿದ್ದದ್ದು, ನಕ್ಕದ್ದು, ಮುಗಿಯಿತು. ಆದರೆ ಹೋದ ವರ್ಷ ಈ ಹೆದರಿಕೆ ನನ್ನ ಪ್ರಾಣಕ್ಕೇ ಬರುವುದರಲ್ಲಿತ್ತು.

ನಾವಿರುವುದು ವಾಗ್ಳೆ ಎಸ್ಟೇಟಿನ ಕಿಸನ್ ನಗರದಲ್ಲಿ. ಅಪ್ಪ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾರೆ. ರಾತ್ರಿ ಅವರಿಗೆ ಡಬ್ಬಿ ಕೊಟ್ಟು ಗಾಲಾಗಳ ಹಿಂದಿನ ಓಣಿಯಿಂದ ಬರುತ್ತಿದ್ದೆ. ಲಾರಿಯ ಕೆಳಗಿನಿಂದ ನಾಯಿಯೊಂದು ಬಂದದ್ದೇ ಮೀನಗಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ಇಳಿದಿತ್ತು, ರಕ್ತವೂ ಬಂತು. ಮನೆಗೆ ಬಂದು ಪ್ಯಾಂಟು ಬದಲಿಸಿ ಸುಮ್ಮನೆ ಮಲಗಿದೆ. ಯಾರಿಗೂ ಹೇಳಲಿಲ್ಲ. ತಲೆಯಲ್ಲಿದ್ದದ್ದು ಒಂದೇ ಮಾತು: ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ.

ಈ ಹದಿನಾಲ್ಕರ ಕತೆ ಕೇಳದ ಕನ್ನಡಿಗನಿಲ್ಲ. ಅದು ಸುಳ್ಳಲ್ಲ, ಹಳೆಯದು. ೧೯೧೧ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಡಾಕ್ಟರು, ರೇಬಿಸ್ ತಗುಲಿಸಿದ ಪ್ರಾಣಿಯ ಮಿದುಳಿನಿಂದ ತಯಾರಿಸಿ ಫೀನಾಲಿನಿಂದ ನಿರ್ಜೀವ ಮಾಡಿದ ಲಸಿಕೆ ತಂದರು. ನಮ್ಮಲ್ಲಿ ಅದನ್ನು ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ಒಂದೊಂದು ಸಲಕ್ಕೂ ಕೊಡಬೇಕಾದ ಪ್ರಮಾಣ ಹೆಚ್ಚು, ದಿನ ಬಿಡದೆ ಕೊಡಬೇಕು, ತೋಳಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಹೊಟ್ಟೆ. ಆ ಲಸಿಕೆಯನ್ನು ಭಾರತದಲ್ಲಿ ೨೦೦೪ರ ಕೊನೆಗೆ ನಿಲ್ಲಿಸಿದರು. ಅಂದರೆ ನಾನು ಹುಟ್ಟುವ ಮೊದಲೇ ಸತ್ತಿದ್ದ ಸೂಜಿಗೆ ಹೆದರಿ ನಾನು ಒಂದು ರಾತ್ರಿ ಕಳೆದೆ.

ಬೆಳಗ್ಗೆ ಅವ್ವ ಪ್ಯಾಂಟು ಒಗೆಯಲು ತೆಗೆದಳು. ಮುಂದಿನದನ್ನು ಬರೆಯಬೇಕಿಲ್ಲ. ಹತ್ತು ನಿಮಿಷದಲ್ಲಿ ರಿಕ್ಷಾದಲ್ಲಿದ್ದೆ.

ಆಸ್ಪತ್ರೆಯ ತರುಣ ಡಾಕ್ಟರು ಬೈಯಲಿಲ್ಲ. ಕಚ್ಚಿದ ಕೂಡಲೇ ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕಿತ್ತು ಎಂದರು. ಆ ತೊಳೆಯುವುದೇ ಅರ್ಧ ಔಷಧವಂತೆ, ಅದಕ್ಕೆ ಸೂಜಿಯೂ ಬೇಡ, ನಾನು ಅದನ್ನೂ ಮಾಡಿರಲಿಲ್ಲ. ರೇಬಿಸಿನ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ವೈರಸ್ಸು ನರಗಳ ದಾರಿ ಹಿಡಿದು ಮಿದುಳು ಮುಟ್ಟಲು ಸಾಮಾನ್ಯವಾಗಿ ವಾರಗಳು ಬೇಕು. ಲಸಿಕೆ ಅದಕ್ಕಿಂತ ಮುಂದೆ ಓಡಬೇಕು. ಒಂದು ದಿನ ತಡವಾಯಿತೆಂದು ನಾಚಿ ಮನೆಯಲ್ಲಿ ಕೂತರೆ ಎರಡನೆಯ ದಿನವೂ ಹೋಯಿತು, ಅಷ್ಟೆ. ಹೋಗಬೇಕು.

ಈಗ ಕೊಡುವುದು ತೋಳಿಗೆ. ನನಗೆ ಕೊಟ್ಟದ್ದು ಚರ್ಮದ ಪದರದಲ್ಲಿ, ಎರಡೂ ತೋಳಿಗೆ ೦.೧ ಮಿಲಿಲೀಟರಿನಂತೆ, ಮೊದಲ ದಿನ, ೩ನೇ, ೭ನೇ ಮತ್ತು ೨೮ನೇ ದಿನ. ಕೆಲವೆಡೆ ಸ್ನಾಯುವಿಗೆ ಐದು ಸಲ ಕೊಡುತ್ತಾರೆ. ಇರುವೆ ಕಚ್ಚಿದಷ್ಟು. ರಕ್ತ ಬಂದ ಗಾಯವಾದ್ದರಿಂದ ಗಾಯದೊಳಗೂ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಹಾಕಿದರು. ಇದು ನೋಯುತ್ತದೆ, ಸುಳ್ಳು ಹೇಳಲಾರೆ. ಮಕ್ಕಳಿಗೂ "ನೋವೇ ಆಗೂದಿಲ್ಲ" ಎಂದು ಹೇಳಬಾರದು ಎಂದು ನನ್ನ ಅಭಿಪ್ರಾಯ. ಆ ಸುಳ್ಳು ಮುಂದಿನ ಸಲಕ್ಕೆ ಅಳುವಾಗಿ ಬರುತ್ತದೆ.

ಅಷ್ಟರಲ್ಲಿ ನನ್ನ ಕಿವಿ ಮತ್ತೆ ಗುಂಯ್ ಎನ್ನತೊಡಗಿತ್ತು. ಈ ಸಲ ಬಾಯಿ ಬಿಟ್ಟು ಹೇಳಿದೆ: "ಸರ್, ನಾನು ಬೀಳ್ತೀನಿ." ಕೂಡಲೇ ಮಂಚದ ಮೇಲೆ ಮಲಗಿಸಿದರು. ಇಷ್ಟು ಸಣ್ಣ ಮಾತು ಶಾಲೆಯಲ್ಲಿ ನನಗೆ ಹೊಳೆದಿರಲಿಲ್ಲವಲ್ಲ!

ಅದೇ ಡಾಕ್ಟರು ಕಲಿಸಿದ ಉಪಾಯ ಇದು. ಸ್ವೀಡನ್ನಿನ ಲಾರ್ಸ್ ಗೋರಾನ್ ಓಸ್ಟ್ ಎಂಬ ಮನಶ್ಶಾಸ್ತ್ರಜ್ಞರು ೧೯೮೦ರ ದಶಕದಲ್ಲಿ ರೂಪಿಸಿ ಪರೀಕ್ಷಿಸಿದ್ದು. ಎಲ್ಲರೂ ನಮಗೆ ಹೇಳುವುದೇನು? "ಮೈ ಸಡಿಲ ಬಿಡು, ಆರಾಮಾಗಿರು." ಎಚ್ಚರ ತಪ್ಪುವ ಜಾತಿಯವರಿಗೆ ಇದು ತಿರುಗಾಮುರುಗಾ ಸಲಹೆ. ಕುಸಿಯುತ್ತಿರುವ ಒತ್ತಡ ಇನ್ನಷ್ಟು ಕುಸಿಯಲು ದಾರಿ. ನಾವು ಮಾಡಬೇಕಾದ್ದು ಮೈ ಬಿಗಿಯುವುದು. ಮುಷ್ಟಿ ಕಟ್ಟಿ, ಹೊಟ್ಟೆ, ತೊಡೆ, ಮೀನಗಂಡ ಎಲ್ಲವನ್ನೂ ಕಲ್ಲಿನಂತೆ ಬಿಗಿ ಹಿಡಿಯಬೇಕು. ಹತ್ತು ಹದಿನೈದು ಸೆಕೆಂಡಿಗೆ ಮುಖ ಬಿಸಿಯಾಗುತ್ತದೆ. ರಕ್ತ ಮೇಲೆ ಬಂತೆಂದು ಅದೇ ರಸೀದಿ. ಆಗ ಬಿಡಬೇಕು. ಪೂರ್ತಿ ಜೋಲು ಬೀಳುವುದಲ್ಲ, ಮೊದಲಿನಂತಾಗುವುದು. ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಮತ್ತೆ. ಹೀಗೆ ಐದು ಸಲ. ಉಸಿರು ಕಟ್ಟಬಾರದು. ಚುಚ್ಚಿಸಿಕೊಳ್ಳುವ ತೋಳನ್ನು ಮಾತ್ರ ಸಡಿಲ ಬಿಡಬೇಕು, ಇಲ್ಲದಿದ್ದರೆ ನೋವು ಹೆಚ್ಚು. ಈ ಒಂದು ತೋಳನ್ನು ಬಿಟ್ಟು ಉಳಿದದ್ದನ್ನು ಬಿಗಿಯುವುದು ಬರಲು ನನಗೆ ಮೂರು ದಿನ ಹಿಡಿಯಿತು. ಲೋಕಲ್ಲಿನಲ್ಲಿ ಕೂತು ಮಾಡುತ್ತಿದ್ದೆ, ಎದುರಿನವರು ನನಗೆ ಹೊಟ್ಟೆನೋವೆಂದು ತಿಳಿದು ಕಿಟಕಿಯ ಜಾಗ ಬಿಟ್ಟುಕೊಟ್ಟರು.

ಎಚ್ಚರ ತಪ್ಪದೆ ಬರೀ ನೋವಿಗೆ, ನೆನಪಿಗೆ ಹೆದರುವವರಿಗೆ ಇದರ ಅಗತ್ಯವಿಲ್ಲ. ಅವರಿಗೆ ನಿಧಾನದ ಉಸಿರು, ಬೇರೆ ಕಡೆ ನೋಟ, ಪಕ್ಕದಲ್ಲಿ ಮಾತಾಡುವ ಗೆಳೆಯ ಸಾಕು.

ಇನ್ನೊಂದು ಔಷಧವುಂಟು: ಬೇರೆಯವರು ಚುಚ್ಚಿಸಿಕೊಳ್ಳುವುದನ್ನು ನೋಡುವುದು. ಇದು ಹಳೆಯ ಉಪಾಯ. ಮೈಸೂರಿನ ರಾಜಮನೆತನದ ಮೂವರು ಹೆಂಗಸರ ಚಿತ್ರವೊಂದನ್ನು ಥಾಮಸ್ ಹಿಕಿ ಎಂಬ ಕಲಾವಿದ ೧೮೦೫ರ ಸುಮಾರಿಗೆ ಬರೆದ. ಅದರಲ್ಲಿ ಬಲಗಡೆ ನಿಂತವಳು ಮೂರನೆಯ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ದಾಕು ಹಾಕಿಸಿಕೊಂಡ ತೋಳು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡಳೆಂದರೆ ಪ್ರಜೆಗಳಿಗೂ ಧೈರ್ಯ. ನಮ್ಮ ಮುಂಬಯಿಯಲ್ಲೇ ಪ್ಲೇಗು ಬಂದಾಗ, ೧೮೯೭ರ ಜನವರಿ ೧೦ರಂದು, ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ಬೈಕಲಾದಲ್ಲಿ ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಸಿಕೊಂಡ. ಜ್ವರ ಬಂತು, ಇಳಿಯಿತು. ಪರೇಲಿನ ಹಾಫ್‌ಕಿನ್ ಸಂಸ್ಥೆ ಅವನ ಹೆಸರಿನದೇ.

ನನ್ನ ಪಾಲಿನ ದೇವಾಜಮ್ಮಣ್ಣಿ ನಮ್ಮ ಚಾಳಿನ ಅಜ್ಜಿಯೊಬ್ಬರು. ಸಕ್ಕರೆ ಕಾಯಿಲೆಗೆ ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಸೂಜಿ ನಾಲ್ಕು ಮಿಲಿಮೀಟರ್ ಉದ್ದ. ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದೆ, ಮುಷ್ಟಿ ಬಿಗಿದು. ಮರುದಿನ ಒಳಗೆ ಕೂತೆ. ವಾರದಲ್ಲಿ ಅವರ ಪೆನ್ನಿಗೆ ಹೊಸ ಸೂಜಿ ಸಿಕ್ಕಿಸಿ ಕೊಡುವಷ್ಟಾದೆ. ಅವರು ಮಾತಾಡುತ್ತ ಮಾತಾಡುತ್ತ ಚುಚ್ಚಿಕೊಂಡು "ಚಾ ಕುಡೀತಿಯೇನೋ?" ಎನ್ನುತ್ತಿದ್ದರು. ೨೮ನೇ ದಿನ ಆಸ್ಪತ್ರೆಯಲ್ಲಿ ನಾನು ಕೂತೇ ಚುಚ್ಚಿಸಿಕೊಂಡೆ. ಬೆವರು ಬಂತು, ಆದರೆ ಬೀಳಲಿಲ್ಲ.

ಈಗ ಅಪ್ಪನ ಸರದಿ. ಲೇತಿನ ಕೆಲಸವೆಂದರೆ ಕಬ್ಬಿಣದ ಚೂರು ಕೈಗೆ ಹೊಕ್ಕುವುದು ಇದ್ದದ್ದೇ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು ಧೂಳಿನಲ್ಲಿರುವ ರೋಗಾಣು ಆಳದ ಗಾಯಕ್ಕೆ ಇಳಿಯುವುದರಿಂದ. ಹಿಂದೆ ಟಿ.ಟಿ. ಎನ್ನುತ್ತಿದ್ದ ಸೂಜಿಗೆ ಈಗ ಟಿ.ಡಿ. ಎನ್ನುತ್ತಾರೆ. ಅಪ್ಪ ಅದನ್ನು ಹಾಕಿಸಿಕೊಂಡು ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. "ಅರಿಷಿಣ ಹಚ್ಚೀನಿ ಬಿಡು" ಎನ್ನುತ್ತಿದ್ದವರು ಮೊನ್ನೆ ನನ್ನ ಕತೆಯೆಲ್ಲ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, ಹುಡುಗನಿದ್ದಾಗ ಇಂಡಿಯ ದವಾಖಾನೆಯಲ್ಲಿ ತಾವೂ ಬಿದ್ದದ್ದನ್ನು ಹೇಳಿದರು. ಅವ್ವನಿಗೂ ಅದು ಗೊತ್ತಿರಲಿಲ್ಲ. ಈಗ ರಾತ್ರಿ ಊಟವಾದ ಮೇಲೆ ಮಂಚದ ತುದಿಯಲ್ಲಿ ಕೂತು ಮುಷ್ಟಿ ಬಿಗಿಯುವುದನ್ನು ಕಲಿಯುತ್ತಿದ್ದಾರೆ. ಆಸ್ಪತ್ರೆಗೆ ಬರುವ ರವಿವಾರ ಹೋಗೋಣ ಎಂದಿದ್ದಾರೆ. ಹೋದ ರವಿವಾರವೂ ಹಾಗೇ ಎಂದಿದ್ದರು.