ಕೌದಿಯ ಕೂಲಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಗೆ ಬೇಗ ಮುಕ್ತಿ ಸಿಗುವುದಿಲ್ಲ. ಉಟ್ಟು ಸವೆದ ಇಳಕಲ್ ಸೀರೆ, ಧೋತರ, ಕುಪ್ಪಸದ ಖಣಗಳನ್ನು ಪದರು ಪದರಾಗಿ ಹಾಸಿ, ಕೈಯಿಂದ ಸಾಲುಹೊಲಿಗೆ ಹಾಕಿದರೆ ಕೌದಿ ಸಿದ್ಧ. ಬೇರೆಡೆ ಬಡತನದ ಗುರುತೆನಿಸುವ ತೇಪೆಯೇ ಇಲ್ಲಿ ಅಲಂಕಾರ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರು ತಮ್ಮ ಕೌದಿಯ ಮೂಲೆಗಳಿಗೆ ಹೂವೆಂಬ ಅರ್ಥದ ‘ಫುಲಾ’ ಎಂಬ ತ್ರಿಕೋನ ತೇಪೆ ಹಚ್ಚದೆ ಕೆಲಸ ಮುಗಿಸುವುದಿಲ್ಲ. ಆಫ್ರಿಕಾ ಮೂಲದ ಈ ಸಮುದಾಯದ ಕೌದಿಗಳು ಅಮೆರಿಕದ ಪ್ರದರ್ಶನಾಲಯಗಳ ಗೋಡೆಯನ್ನೂ ಏರಿವೆ.

1988ರಲ್ಲಿ ನಾನು ಧಾರವಾಡದಲ್ಲಿದ್ದಾಗ, ಕೌದಿ ಹೊಲಿಯುವ ಹೆಂಗಸೊಬ್ಬಳು ಮನೆಬಾಗಿಲಿಗೆ ಬಂದಳು. 200 ರೂಪಾಯಿ ಕೇಳಿದಳು. ಬಟ್ಟೆ ನಮ್ಮದು, ದಾರ ನಮ್ಮದು, ನಿನ್ನದೇನಿದೆ ಎಂದು ವಾದಿಸಿದೆ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನ ವಾದವದು! ‘ಕೈ ನನ್ನವು ಅಲ್ಲೇನ್ರಿ ಸಾಹೇಬ್ರ?’ ಎಂದವಳು 150ಕ್ಕೆ ಒಪ್ಪಿ, ಪಡಸಾಲೆಯಲ್ಲಿ 11 ದಿನ ಕುಳಿತಳು. ದಿನಕ್ಕೆ 14 ರೂಪಾಯಿಯೂ ಬೀಳಲಿಲ್ಲ.

ಆ ಕೌದಿ ಇಂದಿಗೂ ನಮ್ಮಲ್ಲಿದೆ. ನಿವೃತ್ತಿಯ ಬಿಡುವಿನಲ್ಲಿ ಒಂದು ದಿನ ಅದರ ಹೊಲಿಗೆ ಎಣಿಸಿದೆ. 7 ಅಡಿ ಉದ್ದ, 5 ಅಡಿ ಅಗಲ. ಅರ್ಧ ಅಂಗುಲಕ್ಕೊಂದು ಸಾಲು. ಅಂಗುಲಕ್ಕೆ ಸುಮಾರು 4 ಹೊಲಿಗೆ. ಗುಣಿಸಿದರೆ 40 ಸಾವಿರ ದಾಟುತ್ತದೆ. ನಾನು ಉಳಿಸಿದ್ದು 50 ರೂಪಾಯಿ.

ಕಚ್ಚಾವಸ್ತು ಪುಕ್ಕಟೆಯಾದರೆ ದುಡಿಮೆಯೂ ಅಗ್ಗವಾಗಿರಬೇಕೆಂಬ ಭ್ರಮೆ ನನ್ನೊಬ್ಬನದಲ್ಲ. ಮನೆಬಳಕೆಗಾಗಿ ತಯಾರಿಸಿದ ಸರಕೂ ರಾಷ್ಟ್ರೀಯ ಉತ್ಪನ್ನದ ಭಾಗವೆಂದು ಲೆಕ್ಕಪದ್ಧತಿಯ ಅಂತಾರಾಷ್ಟ್ರೀಯ ನಿಯಮ ಹೇಳುತ್ತದೆ. ಆದರೆ ಅಜ್ಜಿ ಮೊಮ್ಮಗನಿಗೆ ಹೊಲಿದ ಕೌದಿಯನ್ನು ಯಾವ ಗುಮಾಸ್ತ ದಾಖಲಿಸುತ್ತಾನೆ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಇಂಥ ದುಡಿಮೆಗೆ ಪ್ರತ್ಯೇಕ ವರ್ಗವಿತ್ತೆಂಬುದಷ್ಟೇ ಸಮಾಧಾನ.

ಈಗ ಹಳೆಯ ಹತ್ತಿ ಸೀರೆಗಳೇ ಅಪರೂಪವಾಗುತ್ತಿವೆ. ಪಾಲಿಯೆಸ್ಟರ್ ಸೀರೆ ಬಾಳಿಕೆ ಬರುತ್ತದೆ, ಬೆವರು ಹೀರುವುದಿಲ್ಲ. ಅದರ ಕೌದಿ ಧಾರವಾಡದ ಬೇಸಿಗೆಗೆ ಒಗ್ಗದು. ಇತ್ತ ನಗರದ ಮಳಿಗೆಗಳಲ್ಲಿ ಕೌದಿ ಪರಿಸರಸ್ನೇಹಿ ಅಲಂಕಾರವಾಗಿ, ದಿಂಬಿನ ಹೊದಿಕೆಯಾಗಿ ಮಾರಾಟಕ್ಕಿದೆ. ಸಂತೋಷ. ಆದರೆ ಬೆಲೆಚೀಟಿಯಲ್ಲಿ ‘ಮರುಬಳಕೆಯ ಬಟ್ಟೆ’ ಎಂದು ಮುದ್ರಿಸುವವರು, ಎಷ್ಟು ದಿನದ ಕೆಲಸ, ಹೊಲಿದವಳಿಗೆ ಸಂದದ್ದೆಷ್ಟು ಎಂಬ ಎರಡು ಸಾಲುಗಳನ್ನೂ ಸೇರಿಸಲಿ. ಚೌಕಾಸಿಗೆ ಇಳಿಯುವ ನನ್ನಂಥ ಗಿರಾಕಿ ಮೊದಲು ಅವನ್ನು ಓದಿಕೊಳ್ಳಲಿ.