ಅಮೆರಿಕದಲ್ಲಿ ಮಸಾಜ್ ಥೆರಪಿ: ರಾಜ್ಯಕ್ಕೊಂದು ನಿಯಮ

ಉದ್ಯೋಗಕ್ಕಾಗಿ ಪರದೇಶಕ್ಕೆ ಹೋಗುವುದು ನಮ್ಮ ಕರಾವಳಿಯ ಕುಟುಂಬಗಳಿಗೆ ಹೊಸದಲ್ಲ. ಆದರೆ ಊರಿನಲ್ಲಿ ಕೆಲವು ವಾರ ಮಸಾಜ್ ಕಲಿತು ಪಡೆದ ಪ್ರಮಾಣಪತ್ರವೊಂದೇ ಅಮೆರಿಕದಲ್ಲಿ ಕೆಲಸ ಕೊಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು.

ಅಲ್ಲಿ ಈ ವೃತ್ತಿಗೆ ಇಡೀ ದೇಶಕ್ಕೆ ಸಲ್ಲುವ ಪರವಾನಗಿ ಇಲ್ಲ. ಹೆಚ್ಚಿನ ರಾಜ್ಯಗಳು ತಮ್ಮ ತಮ್ಮ ಮಂಡಳಿ ಅಥವಾ ಇಲಾಖೆಯ ಮೂಲಕ ಪರವಾನಗಿ ನೀಡುತ್ತವೆ. ಟೆಕ್ಸಾಸ್ ಮತ್ತು ಫ್ಲೋರಿಡಾದಲ್ಲಿ ಕನಿಷ್ಠ 500 ಗಂಟೆಗಳ ತರಬೇತಿ ಬೇಕು. ನ್ಯೂಯಾರ್ಕಿನಲ್ಲಿ 1000 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪರವಾನಗಿಯೇ ಇಲ್ಲ. ಅಲ್ಲಿನ ಮಸಾಜ್ ಥೆರಪಿ ಕೌನ್ಸಿಲ್ ನೀಡುವ ಪ್ರಮಾಣಪತ್ರ ಐಚ್ಛಿಕ. ಆದರೂ ನಗರಾಡಳಿತಗಳು ತಮ್ಮದೇ ಷರತ್ತು ವಿಧಿಸಬಹುದು. ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ತಾನಾಗಿಯೇ ನಡೆಯುತ್ತದೆ ಎಂದು ತಿಳಿಯಬಾರದು.

ತರಬೇತಿಯ ನಂತರ ಪರೀಕ್ಷೆಯಿದೆ. 2007ರಲ್ಲಿ ಆರಂಭವಾದ 'ಎಂಬ್ಲೆಕ್ಸ್' ಎಂಬ 100 ಪ್ರಶ್ನೆಗಳ ಪರೀಕ್ಷೆಯನ್ನು ಬಹುತೇಕ ರಾಜ್ಯಗಳು ಒಪ್ಪುತ್ತವೆ. ಹಲವೆಡೆ ಬೆರಳಚ್ಚು ಪಡೆದು ಅರ್ಜಿದಾರರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ. ಟೆಕ್ಸಾಸಿನಲ್ಲಿ 2 ವರ್ಷಕ್ಕೊಮ್ಮೆ ನವೀಕರಣ. ಅದಕ್ಕೆ 12 ಗಂಟೆಗಳ ಮುಂದುವರಿದ ಶಿಕ್ಷಣ ಬೇಕು.

ಇಷ್ಟೊಂದು ಕಟ್ಟುನಿಟ್ಟು ಏಕೆ? ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿರುವಾಗ ಅಲ್ಲಿ ಉಜ್ಜಿದರೆ, ಅದು ಕದಲಿ ಶ್ವಾಸಕೋಶ ಸೇರಿ ಪ್ರಾಣಕ್ಕೆ ಅಪಾಯವಾಗಬಹುದು. ಯಾರಿಗೆ ಮಸಾಜ್ ಮಾಡಬಾರದು ಎಂಬುದನ್ನು ಅರಿತಿರುವುದು ಈ ವೃತ್ತಿಯ ಮೊದಲ ಪಾಠ. ಇನ್ನೊಂದು ಕಾರಣ ಮಾನವ ಸಾಗಣೆ. ಮಸಾಜ್ ಕೇಂದ್ರದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಶೋಷಿಸುವ ಜಾಲಗಳು ಅಮೆರಿಕದಲ್ಲೂ ಇವೆ. ಹೀಗಾಗಿ ಪರವಾನಗಿಯು ಗ್ರಾಹಕರಿಗೆ ಮಾತ್ರವಲ್ಲ, ದುಡಿಯುವವರಿಗೂ ರಕ್ಷೆ.

ಪರವಾನಗಿಯಿದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ವೀಸಾ ಇದ್ದ ಮಾತ್ರಕ್ಕೆ ಈ ಕೆಲಸ ಮಾಡುವಂತೆಯೂ ಇಲ್ಲ. ಎರಡೂ ಬೇರೆ ಬೇರೆ. ಆದ್ದರಿಂದ ಏಜೆಂಟರಿಗೆ ಹಣ ಕಟ್ಟುವ ಮೊದಲು, ಹೋಗುವುದು ಯಾವ ರಾಜ್ಯಕ್ಕೆ, ಇಲ್ಲಿನ ತರಬೇತಿಗೆ ಅಲ್ಲಿ ಮಾನ್ಯತೆ ಇದೆಯೇ, ಉದ್ಯೋಗದ ಅನುಮತಿ ಯಾರ ಹೆಸರಿನಲ್ಲಿದೆ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು. ಆ ರಾಜ್ಯದ ಮಂಡಳಿಯ ಜಾಲತಾಣದಲ್ಲಿ ನಿಯಮಗಳನ್ನು ನೇರವಾಗಿ ಓದಬಹುದು. ತಲುಪಿದ ಮೇಲೆ ಪಾಸ್‌ಪೋರ್ಟನ್ನು ಮಾಲೀಕರ ವಶಕ್ಕೆ ಒಪ್ಪಿಸಬಾರದು.

ಶಿಫಾರಸು ಪತ್ರ ಕೇಳಿ ಧರ್ಮಕೇಂದ್ರಕ್ಕೆ ಬರುವ ಯುವಜನರೊಂದಿಗೆ ನಾವು ಈ ವಿಷಯಗಳನ್ನು ಮಾತನಾಡೋಣ. ಸಹಿ ಹಾಕಲು ಒಂದು ನಿಮಿಷ ಸಾಕು. ಸಾಲ ಮಾಡಿ ಮೋಸಹೋದ ಮನೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.