ತಲೆನೋವಿನ ಹಿಂದಿನ ನೋವು

ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದ ಹುಡುಗನೊಬ್ಬನನ್ನು ತಾಯಿ ನನ್ನ ಬಳಿಗೆ ಕರೆತಂದಿದ್ದರು. ಮೊಳಕಾಲ್ಮುರು ಕಡೆಯ ನೇಕಾರ ಕುಟುಂಬ. ಎರಡು ತಿಂಗಳಿಂದ ತಲೆನೋವು. ಕಣ್ಣಿನ ಪರೀಕ್ಷೆ, ರಕ್ತಪರೀಕ್ಷೆ ಎಲ್ಲವೂ ಆಗಿದ್ದವು. ಟಾನಿಕ್ ಬಾಟಲಿಯೂ ಖಾಲಿಯಾಗಿತ್ತು. 'ಯಾರ್ದೋ ದೃಷ್ಟಿ ತಾಗೈತೆ ಸಾರ್' ಎಂದರು ತಾಯಿ.

ಅವರನ್ನು ಹೊರಗೆ ಕೂರಿಸಿ, 'ರಾತ್ರಿ ನಿದ್ದೆ ಬರುತ್ತೇನಪ್ಪಾ?' ಎಂದು ಕೇಳಿದೆ. ಹುಡುಗನ ಕಣ್ಣು ತುಂಬಿತು. ಎರಡು ವಿಷಯಗಳಲ್ಲಿ ಫೇಲಾಗಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಮಗ್ಗದ ದುಡಿಮೆಯಿಂದ ಕಟ್ಟಿದ ಫೀಜು ದಂಡವಾಯಿತೆಂಬ ಕೊರಗು. 'ಬದುಕೇ ಬೇಡ ಅನ್ನಿಸುತ್ತಾ?' ಎಂದು ನೇರವಾಗಿಯೇ ಕೇಳಿದೆ. 'ಒಂದೆರಡು ಸಲ ಅನ್ನಿಸೈತೆ ಸಾರ್' ಎಂದ.

ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ಹಲವರು ಹೆದರುತ್ತಾರೆ. ಇದು ತಪ್ಪು ತಿಳುವಳಿಕೆ. ಕೇಳಿದರೆ ಮನಸ್ಸಿನ ಭಾರ ಇಳಿಯುತ್ತದೆ, ಚಿಕಿತ್ಸೆಗೆ ದಾರಿಯಾಗುತ್ತದೆ.

ನಿದ್ರಾಹೀನತೆ, ಹಸಿವಿಲ್ಲದಿರುವುದು, ಓದಿನಲ್ಲಿ ನಿರಾಸಕ್ತಿ, ಗೆಳೆಯರಿಂದ ದೂರವಿರುವುದು, ಕಾರಣ ಸಿಗದ ತಲೆನೋವು, ಹೊಟ್ಟೆನೋವು - ಇವು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡದೆ, ಒಂಟಿಯಾಗಿ ಬಿಡದೆ ಕರೆತರಬೇಕು. ಮನೆಯಲ್ಲಿರುವ ಕ್ರಿಮಿನಾಶಕವನ್ನು ಕೈಗೆ ಸಿಗದಂತೆ ತೆಗೆದಿಡಬೇಕು.

ಆಪ್ತ ಸಮಾಲೋಚನೆ ಎಂದರೆ ಬುದ್ಧಿವಾದವಲ್ಲ. ಹೀಗಳೆಯದೆ, ಗುಟ್ಟು ಬಿಡದೆ ಕೇಳಿಸಿಕೊಂಡು, ಮುಂದಿನ ಹೆಜ್ಜೆಯನ್ನು ಅವನೇ ಕಂಡುಕೊಳ್ಳಲು ನೆರವಾಗುವುದು. ಪ್ರಾಣಾಪಾಯದ ಸೂಚನೆಯಿದ್ದರೆ ಮಾತ್ರ ಮನೆಯವರಿಗೆ ತಿಳಿಸಲೇಬೇಕಾಗುತ್ತದೆ.

ಇದು ಮಹಾನಗರಗಳಿಗಷ್ಟೇ ಸೇರಿದ ಸೌಲಭ್ಯವೆಂದು ಭಾವಿಸಬೇಡಿ. ಮೊಳಕಾಲ್ಮುರಿಗೆ ಅಂಟಿಕೊಂಡಿರುವ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ನಿರ್ದೇಶಿಸಿದೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಇದ್ದಾರೆಯೇ? ಪೋಷಕರು ವಿಚಾರಿಸಬೇಕು.

ಹುಡುಗನ ಒಪ್ಪಿಗೆ ಪಡೆದು ತಾಯಿಯನ್ನು ಒಳಗೆ ಕರೆದೆ. ಎಲ್ಲವನ್ನೂ ಕೇಳಿದ ಆಕೆ ಮಗನ ತಲೆ ಸವರಿ, 'ಪರೀಕ್ಷೆ ಇನ್ನೊಂದ್ಸಲ ಬರೀಬೋದು ಕಣಪ್ಪ, ನೀನಿರ್ಬೇಕು' ಎಂದರು. ಮರುದಿನವೇ ಇಬ್ಬರೂ ಚಿತ್ರದುರ್ಗದಲ್ಲಿ ಮನೋವೈದ್ಯರನ್ನು ಕಂಡರು. ಚಿಕಿತ್ಸೆ ಮುಂದುವರಿದಂತೆ ನಿದ್ದೆ ಬಂತು, ತಲೆನೋವೂ ಇಳಿಯಿತು. ಆದರೆ ಅವನಿಗೆ ಮೊದಲ ಮದ್ದು ಕೊಟ್ಟವರು ಆ ತಾಯಿಯೇ.